ಶಿಶುಪರೀಕ್ಷೆಯಲ್ಲಿ ತಾಯ್ತಂದೆಗಳ ಸಾಕ್ಷ್ಯ: ದಿನಚರಿಯಿಂದ ವಿದ್ಯುನ್ಮಾನ ಪ್ರಶ್ನಾವಳಿಯವರೆಗೆ

ಎಳೆಯ ಮಗುವಿನ ಬೆಳವಣಿಗೆಯನ್ನು ಅಳೆಯಹೊರಟವರಿಗೆ ಮೊದಲಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಪರೀಕ್ಷೆಗೆ ಒಳಗಾಗಬೇಕಾದ ವ್ಯಕ್ತಿಗೆ ಮಾತು ಬಾರದು; ಬಂದರೂ ಅಪರಿಚಿತರ ಎದುರಿಗೆ ಅದು ಹೊರಡದು. ಮನೆಯಲ್ಲಿ ಗೋಡೆ ಹಿಡಿದು ನಡೆದಾಡುವ ಕೂಸು ವೈದ್ಯನ ಕೊಠಡಿಯಲ್ಲಿ ತಾಯಿಯ ಸೆರಗನ್ನು ಬಿಟ್ಟು ಅಲುಗದು. ಅಲ್ಪಕಾಲದ ಭೇಟಿಯಲ್ಲಿ ಪರೀಕ್ಷಕನಿಗೆ ಕಾಣದೆ ಹೋದುದನ್ನೆಲ್ಲ ಹಗಲಿರುಳು ಕಂಡಿರುವವಳು ತಾಯಿ. ಆದಕಾರಣ ಅವಳನ್ನು ಕೇಳದೆ ವಿಧಿಯಿಲ್ಲ. ಕೇಳಿದ ಮೇಲೆ ಅವಳ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಸಂದೇಹವೂ ತಪ್ಪಿದ್ದಲ್ಲ. ಶಿಶುಪರೀಕ್ಷೆಯ ಇತಿಹಾಸವನ್ನು ಬಹುಮಟ್ಟಿಗೆ ಈ ಸಂದೇಹದ ಇತಿಹಾಸವೆಂದೇ ಓದಬಹುದು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, ಹುಟ್ಟಿನಿಂದ ಮೂರು ವರ್ಷ ತುಂಬುವವರೆಗಿನ, ಬೆಳವಣಿಗೆಯಲ್ಲಿ ಹಿಂದುಳಿದ ಅಥವಾ ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಾನೂನಿನ ಮೇರೆಗೆ ದೊರೆಯುವ ಸೇವೆಗಳಿಗೆ ‘ಅರ್ಲಿ ಇಂಟರ್ವೆನ್ಷನ್’ ಎಂದು ಹೆಸರು. ಇವನ್ನು ಶೀಘ್ರ ನೆರವಿನ ಸೇವೆಗಳೆಂದು ಕರೆಯೋಣ. ಈ ಸೇವೆಗಳಲ್ಲಿಯೂ, ಅವುಗಳಿಗೆ ಮಕ್ಕಳನ್ನು ಕಳುಹಿಸಿಕೊಡುವ ಚಿಕಿತ್ಸಾಲಯಗಳಲ್ಲಿಯೂ 21ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ತಾಯ್ತಂದೆಗಳೇ ಗಣಕಯಂತ್ರದ ಅಥವಾ ಮೊಬೈಲ್ ಫೋನಿನ ತೆರೆಯ ಮೇಲೆ ಉತ್ತರ ಕೊಡುವ ಪ್ರಶ್ನಾವಳಿಗಳು ಬಳಕೆಗೆ ಬಂದುವು. ಇದನ್ನು ಕುರಿತು ಹೇಳುವಾಗ, ಕಾಗದ ಹೋಗಿ ತೆರೆ ಬಂದಿತು, ಕೆಲಸ ಬೇಗವಾಯಿತು ಎಂದು ಮುಗಿಸುವುದು ರೂಢಿ. ಪ್ರಸ್ತುತ ಲೇಖಕನ ಅಭಿಪ್ರಾಯವೇ ಬೇರೆ. ಉತ್ತರವನ್ನು ಯಾವುದರ ಮೇಲೆ ಬರೆದರೆಂಬುದಕ್ಕಿಂತಲೂ, ತಾಯಿಯ ಮೊದಲ ಉತ್ತರವನ್ನು ಕೇಳಿದ ಬಳಿಕ ಮತ್ತೊಂದು ಬಗೆಯಲ್ಲಿ ತಿರುಗಿ ಕೇಳುವವರು ಇದ್ದರೋ ಇಲ್ಲವೋ ಎಂಬುದು ಹೆಚ್ಚು ಮುಖ್ಯವಾದ ಸಂಗತಿ. ಇದನ್ನು ಮರುಪ್ರಶ್ನೆ ಎನ್ನಬಹುದು. ಮರುಪ್ರಶ್ನೆಯು ಒಮ್ಮೆ ಇದ್ದಿತು, ನಡುವೆ ತಪ್ಪಿಹೋಯಿತು, ಯಂತ್ರದ ಮೂಲಕ ಭಾಗಶಃ ಹಿಂದಿರುಗಿತು ಎಂಬುದನ್ನು ಮುಂದೆ ತೋರಿಸಲು ಯತ್ನಿಸಲಾಗಿದೆ.

ಮಗುವಿನ ಬೆಳವಣಿಗೆಯನ್ನು ಕುರಿತ ಹಳೆಯ ಬರಹಗಳು ತಂದೆಯರ ದಿನಚರಿಗಳು. ಜರ್ಮನಿಯ ತತ್ತ್ವಜ್ಞ ಡೀಟ್ರಿಷ್ ಟೀಡೆಮನ್ನನು ತನ್ನ ಮಗನನ್ನು ಕುರಿತ ಟಿಪ್ಪಣಿಗಳನ್ನು 1787ರಲ್ಲಿ ಪ್ರಕಟಿಸಿದನು. ಚಾರ್ಲ್ಸ್ ಡಾರ್ವಿನ್ನನು 1839ರ ಡಿಸೆಂಬರಿನಲ್ಲಿ ಹುಟ್ಟಿದ ತನ್ನ ಮೊದಲ ಮಗ ವಿಲಿಯಮ್ಮನ ವಿಚಾರವಾಗಿ ಬರೆದಿಟ್ಟಿದ್ದುದನ್ನು 37 ವರ್ಷಗಳ ತರುವಾಯ, 1877ರಲ್ಲಿ, ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದನು. 1882ರಲ್ಲಿ ವಿಲ್‌ಹೆಲ್ಮ್ ಪ್ರೇಯರನು ತನ್ನ ಮಗನನ್ನು ದಿನಕ್ಕೆ ಮೂರು ಬಾರಿಯಾದರೂ ಕ್ರಮವಾಗಿ ವೀಕ್ಷಿಸಿ ಬರೆದ ದೊಡ್ಡ ಗ್ರಂಥ ಹೊರಬಂದಿತು. ಈ ಮೂವರಿಗೂ ಪರೀಕ್ಷಕ ಬೇರೆ, ಪಾಲಕ ಬೇರೆ ಎಂಬ ಭೇದವೇ ಇರಲಿಲ್ಲ. ತಂದೆಯು ವಿದ್ವಾಂಸನಾಗಿದ್ದರೆ ಅವನ ಮಾತು ಶಾಸ್ತ್ರವಾಯಿತು. ಅದೇ ಮನೆಗಳಲ್ಲಿ ತಾಯಂದಿರೂ ದಾದಿಯರೂ ಕಂಡದ್ದು ತಂದೆಯ ಲೇಖನಿಯ ಮೂಲಕ ಬಂದಷ್ಟೇ ಉಳಿಯಿತು. ಕ್ಯಾಲಿಫೋರ್ನಿಯಾದ ಮಿಲಿಸೆಂಟ್ ಶಿನ್ ತನ್ನ ಸೋದರನ ಮಗಳನ್ನು ಹುಟ್ಟಿದಂದಿನಿಂದ ವೀಕ್ಷಿಸಿ 1893ರಿಂದ ಮುಂದಕ್ಕೆ ಟಿಪ್ಪಣಿಗಳನ್ನು ಪ್ರಕಟಿಸಿದಳು. ಬರ್ಕ್ಲಿಯ ವಿಶ್ವವಿದ್ಯಾನಿಲಯವು 1898ರಲ್ಲಿ ಆಕೆಗೆ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಅಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಆಕೆ. ಮನೆಯೊಳಗಿನ ಹೆಂಗಸಿನ ವೀಕ್ಷಣೆಯೂ ಶಾಸ್ತ್ರವಾಗಬಲ್ಲದೆಂದು ಆ ಪದವಿಯು ಒಪ್ಪಿಕೊಂಡಂತಾಯಿತು.

20ನೆಯ ಶತಮಾನದ ಆದಿಭಾಗದಲ್ಲಿ ಗಾಳಿ ಬೇರೆ ಕಡೆಗೆ ತಿರುಗಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆರ್ನಾಲ್ಡ್ ಗೆಸೆಲ್ಲನು ಮಕ್ಕಳನ್ನು ಗುಮ್ಮಟದೊಳಗೆ ಕೂರಿಸಿ, ಚಲಚ್ಚಿತ್ರ ಹಿಡಿದು, ಒಂದು ಕಡೆಯಿಂದ ಮಾತ್ರ ಕಾಣುವ ಪರದೆಯ ಹಿಂದೆ ನಿಂತು ನೋಡಿದನು. ಯಾವ ತಿಂಗಳಿನಲ್ಲಿ ಮಗು ಏನು ಮಾಡಬೇಕೆಂಬ ಪಟ್ಟಿಗಳು ಸಿದ್ಧವಾದುವು. ನೋಡುವ ಕಣ್ಣು ಶಿಕ್ಷಣ ಪಡೆದದ್ದಾಗಿರಬೇಕು, ತಾಯಿಯದು ಮಮತೆಯಿಂದ ಮಸುಕಾದ ಕಣ್ಣು ಎಂಬ ಭಾವನೆ ಆ ಕಾಲದ ಪ್ರಯೋಗಶಾಲೆಗಳಲ್ಲಿ ಪ್ರಬಲವಾಗಿದ್ದಿತು. ಗೆಸೆಲ್ಲನ ಕ್ರಮದಲ್ಲಿಯೂ ತಾಯಿಯೊಡನೆ ಸಂಭಾಷಣೆಗೆ ಸ್ಥಾನವಿದ್ದಿತೆಂಬುದನ್ನು ಮರೆಯಬಾರದು. ಆದರೆ ಗುಮ್ಮಟದ ಛಾಯಾಚಿತ್ರಗಳು ಜನರ ಮನಸ್ಸಿನಲ್ಲಿ ನಿಂತಂತೆ ಆ ಸಂಭಾಷಣೆಯು ನಿಲ್ಲಲಿಲ್ಲ.

ಪಾಲಕರ ಮಾತನ್ನೇ ಅಳತೆಯ ಆಧಾರವನ್ನಾಗಿ ಮಾಡಿಕೊಂಡ ಮೊದಲ ಪ್ರಸಿದ್ಧ ಸಾಧನವು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಿಂದ ಬಂದಿತು. ಅಲ್ಲಿನ ತರಬೇತಿ ಶಾಲೆಯಲ್ಲಿದ್ದ ಎಡ್ಗರ್ ಡಾಲನು 1935ರಲ್ಲಿ ‘ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಮಾಪನ’ವನ್ನು ಪ್ರಕಟಿಸಿದನು. ಅದರಲ್ಲಿ 117 ಅಂಶಗಳಿದ್ದುವು. ಉಣ್ಣುವುದು, ಉಡುವುದು, ಓಡಾಡುವುದು, ಕೆಲಸ ಮಾಡುವುದು ಮುಂತಾದ ನಿತ್ಯಜೀವನದ ಸಂಗತಿಗಳನ್ನು ಮಗುವನ್ನು ಬಲ್ಲವರಿಂದ ಕೇಳಿ ತಿಳಿದು ಅಂಕ ಕೊಡಬೇಕು. ಮಗುವು ಎದುರಿಗೆ ಇರಬೇಕೆಂದೇ ಇಲ್ಲ. ಇಲ್ಲಿ ನಮ್ಮ ವಿಷಯಕ್ಕೆ ಬಹಳ ಬೇಕಾದ ಒಂದು ಸಂಗತಿಯಿದೆ. ಅಂಶಗಳ ಪಟ್ಟಿಯನ್ನು ತಾಯಿಯ ಕೈಗೆ ಕೊಡುವುದು ಡಾಲನ ಕ್ರಮವಾಗಿರಲಿಲ್ಲ. ತರಬೇತಿ ಪಡೆದ ಪ್ರಶ್ನಕನು ಮಾತುಕತೆಯ ರೀತಿಯಲ್ಲಿ ವಿಷಯವನ್ನು ತೆಗೆದು, ವಿವರ ಕೇಳಿ, ಮಗುವು ಆ ಕೆಲಸವನ್ನು ವಾಡಿಕೆಯಾಗಿ ಮಾಡುತ್ತದೆಯೋ, ಎಂದೋ ಒಮ್ಮೆ ಮಾಡಿತೋ ಎಂಬುದನ್ನು ಗೊತ್ತುಮಾಡಿಕೊಂಡು, ಅಂಕವನ್ನು ತಾನೇ ನಿರ್ಧರಿಸಬೇಕಾಗಿದ್ದಿತು. ಸಾಕ್ಷಿಯನ್ನು ವಿಚಾರಿಸುವ ನ್ಯಾಯವಾದಿಯ ಕೆಲಸದಂತೆ ಈ ಕೆಲಸ. ತಾಯಿಯು ಸಾಕ್ಷಿ, ಮರುಪ್ರಶ್ನೆಯು ಪ್ರಶ್ನಕನ ಕರ್ತವ್ಯ. ಇದೇ ಶಾಲೆಯಲ್ಲಿ ಹಿಂದೆ ಇದ್ದ ಹೆನ್ರಿ ಗಾಡರ್ಡನು, ಊರೂರು ಅಲೆದ ಸಹಾಯಕಿಯರು ತಂದ ಕೇಳಿಕೆಯ ಮಾತುಗಳನ್ನು ನಂಬಿ 1912ರಲ್ಲಿ ‘ಕ್ಯಾಲಿಕಾಕ್’ ಕುಟುಂಬದ ಕುಖ್ಯಾತ ಗ್ರಂಥವನ್ನು ಬರೆದಿದ್ದನೆಂಬುದನ್ನು ನೆನೆದರೆ, ಮನೆಮಾತಿನ ಸಾಕ್ಷ್ಯವನ್ನು ಎಷ್ಟು ಎಚ್ಚರಿಕೆಯಿಂದ ಬಳಸಬೇಕೆಂಬ ಪಾಠವನ್ನು ಆ ಕಟ್ಟಡವೇ ಕಲಿಸಿದಂತೆ ತೋರುತ್ತದೆ.

ತಾಯಂದಿರ ನೆನಪಿನ ಮೇಲಣ ಸಂದೇಹವು ಮಾತಿನಲ್ಲಿಯೇ ಉಳಿಯದೆ ಪರೀಕ್ಷೆಗೂ ಒಳಗಾಯಿತು. 1935ರಲ್ಲಿ ಬರ್ಕ್ಲಿಯ ಸಂಶೋಧಕಿಯರು ತಾಯಂದಿರು ಹೇಳಿದ್ದನ್ನು ಆಗಾಗಲೇ ಬರೆದಿಟ್ಟಿದ್ದ ದಾಖಲೆಗಳೊಡನೆ ಹೋಲಿಸಿದರು. 1963ರಲ್ಲಿ ಲಿಲಿಯನ್ ರಾಬಿನ್ಸ್ ಪ್ರಕಟಿಸಿದ ಅಧ್ಯಯನವು ಇನ್ನೂ ಕುತೂಹಲಕರವಾದುದು. ಮಗುವಿಗೆ ಮೂರು ವರ್ಷವಾದಾಗ ತಾಯ್ತಂದೆಗಳು ನೆನೆಸಿಕೊಂಡು ಹೇಳಿದ ಮಾತು, ಅವರೇ ಹಿಂದೆ ಆಯಾ ಕಾಲದಲ್ಲಿ ಹೇಳಿದ್ದ ಮಾತಿಗೆ ಅನೇಕ ಕಡೆ ಹೊಂದಲಿಲ್ಲ. ಹೊಂದದೆ ಹೋದ ಕಡೆಗಳಲ್ಲಿ ತಾಯಂದಿರ ನೆನಪು ಆ ಕಾಲದ ತಜ್ಞರು ಉಪದೇಶಿಸುತ್ತಿದ್ದ ರೀತಿಯ ಕಡೆಗೆ ವಾಲಿತ್ತು. ಹೀಗೆ ಮಾಡಬೇಕಾಗಿತ್ತೆಂದು ಪುಸ್ತಕ ಹೇಳಿದರೆ, ಹೀಗೆಯೇ ಮಾಡಿದೆವೆಂದು ಮನಸ್ಸು ನೆನೆಯಿತು. ಇದರಿಂದ ತಾಯಿಯ ಮಾತು ನಂಬಲನರ್ಹವೆಂದು ಕೆಲವರು ತೀರ್ಮಾನಿಸಿದುದುಂಟು. ಅದು ಅವಸರದ ತೀರ್ಮಾನ. ಆ ಅಧ್ಯಯನದಲ್ಲಿ ಸೋತದ್ದು ಸ್ಮರಣೆಯೇ ಹೊರತು ವೀಕ್ಷಣೆಯಲ್ಲ. ಮಗುವು ಹಿಂದೆ ಯಾವಾಗ ನಡೆಯಿತು ಎಂಬ ಪ್ರಶ್ನೆಗೂ ಈಗ ನಡೆಯುತ್ತದೆಯೇ ಎಂಬ ಪ್ರಶ್ನೆಗೂ ಬಹಳ ಅಂತರವಿದೆ. ಮುಂದಿನ ಪ್ರಶ್ನಾವಳಿಗಳೆಲ್ಲವೂ ಎರಡನೆಯ ಬಗೆಯ ಪ್ರಶ್ನೆಯ ಮೇಲೆಯೇ ನಿಂತುವು.

ಕೊಲರಾಡೊ ವಿಶ್ವವಿದ್ಯಾನಿಲಯದ ವಿಲಿಯಂ ಫ್ರಾಂಕನ್‌ಬರ್ಗ್ ಮತ್ತು ಜೋಸಿಯಾ ಡಾಡ್ಸ್ 1967ರಲ್ಲಿ ಡೆನ್ವರ್ ಪರೀಕ್ಷೆಯನ್ನು ಹೊರತಂದರು. ಅದರ 105 ಅಂಶಗಳನ್ನು ಪರೀಕ್ಷಕನು ಮಗುವಿನೊಡನೆ ಕುಳಿತು ನೋಡಬೇಕು. ಪ್ರತಿಯೊಂದು ಮಗುವಿಗೂ ಅಷ್ಟು ಹೊತ್ತು ಕೊಡಲು ಚಿಕಿತ್ಸಾಲಯಗಳಿಗೆ ಬಿಡುವಿರಲಿಲ್ಲ. ಆದ್ದರಿಂದ ಅದೇ ತಂಡದವರು 1970ರ ದಶಕದ ಮಧ್ಯದಲ್ಲಿ ಆ ಅಂಶಗಳ ಪೈಕಿ 97ನ್ನು ತಾಯ್ತಂದೆಗಳೇ ಉತ್ತರಿಸಬಲ್ಲ ಪ್ರಶ್ನೆಗಳನ್ನಾಗಿ ಮಾಡಿ, ಮಗುವಿನ ವಯಸ್ಸಿಗೆ ತಕ್ಕ ಹತ್ತನ್ನು ಮಾತ್ರ ಅವರು ಉತ್ತರಿಸಿದರೆ ಸಾಕೆಂದು ಏರ್ಪಡಿಸಿದರು. ತಾಯಿಯ ಸಾಕ್ಷ್ಯಕ್ಕೆ ಇಲ್ಲಿ ದೊರೆತ ಮನ್ನಣೆ ಗೌರವದಿಂದ ಬಂದುದಲ್ಲ, ಸಮಯಾಭಾವದಿಂದ ಬಂದುದು ಎಂಬುದನ್ನು ಗಮನಿಸಬೇಕು.

ಒರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಡಯಾನ್ ಬ್ರಿಕರ್, ಜೇನ್ ಸ್ಕ್ವಯರ್ಸ್ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯ ಭಾಗದಿಂದ ರೂಪಿಸುತ್ತ ಬಂದ ಪ್ರಶ್ನಾವಳಿಗಳು ಬೇರೆಯೊಂದು ಮನೋಧರ್ಮದವು. ಇವು 1995ರಲ್ಲಿ ‘ಏಜಸ್ ಅಂಡ್ ಸ್ಟೇಜಸ್’ ಎಂಬ ಹೆಸರಿನಿಂದ ಪ್ರಕಟವಾಗಿ, 1999ರಲ್ಲಿಯೂ 2009ರಲ್ಲಿಯೂ ಪರಿಷ್ಕೃತವಾದುವು. 2009ರ ಆವೃತ್ತಿಯಲ್ಲಿ ಬೇರೆ ಬೇರೆ ವಯಸ್ಸಿನ 21 ಪ್ರಶ್ನಾವಳಿಗಳಿವೆ. ಒಂದೊಂದರಲ್ಲಿಯೂ ಐದು ವಿಭಾಗಗಳು, ವಿಭಾಗಕ್ಕೆ ಆರರಂತೆ 30 ಪ್ರಶ್ನೆಗಳು. ಉತ್ತರಗಳು ಮೂರೇ: ಹೌದು, ಕೆಲವೊಮ್ಮೆ, ಇನ್ನೂ ಇಲ್ಲ. ಅವುಗಳಿಗೆ ಕ್ರಮವಾಗಿ 10, 5, 0 ಅಂಕಗಳು. ‘ಇಲ್ಲ’ ಎನ್ನದೆ ‘ಇನ್ನೂ ಇಲ್ಲ’ ಎಂದಿರುವುದು ಚಿಕ್ಕ ಸಂಗತಿಯೆಂದು ತೋರಬಹುದು. ತನ್ನ ಮಗುವಿನ ಹೆಸರಿನ ಮುಂದೆ ಸಾಲುಸಾಲಾಗಿ ಇಲ್ಲ ಎಂದು ಗುರುತು ಹಾಕಬೇಕಾಗಿ ಬಂದ ತಾಯಿಗೆ ಅದು ಚಿಕ್ಕದಲ್ಲ. ಪ್ರಶ್ನೆಗಳ ಪಕ್ಕದಲ್ಲಿ ಚಿತ್ರಗಳಿದ್ದುವು, ಭಾಷೆ ಸರಳವಾಗಿದ್ದಿತು, ಮನೆಯಲ್ಲಿ ಮಗುವಿನೊಡನೆ ಆಡಿ, ಮಾಡಿಸಿ ನೋಡಿ ಉತ್ತರಿಸಬಹುದಾಗಿತ್ತು. ಅಂಚೆಯಲ್ಲಿ ಬಂದ ಹಾಳೆಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಮಗುವಿನ ಮುಂದೆ ಮರದ ಬಿಲ್ಲೆಗಳನ್ನಿಟ್ಟು ನೋಡುವ ತಾಯಿಯು ಸಾಕ್ಷಿಯ ಸ್ಥಾನದಿಂದ ಪರೀಕ್ಷಕಳ ಸ್ಥಾನಕ್ಕೆ ಏರಿದಳೆಂದರೆ ಅತಿಶಯೋಕ್ತಿಯಲ್ಲ.

ಇದು ನಿಜವಾದ ಲಾಭ. ಅದರೊಡನೆ ನಷ್ಟವೂ ಆಯಿತು. ಡಾಲನ ಪ್ರಶ್ನಕನು ಮಾಯವಾದನು. ‘ಮಗು ಬೆರಳು ತೋರಿಸಿ ಕೇಳುತ್ತದೆಯೇ’ ಎಂಬ ಪ್ರಶ್ನೆಗೆ ತಾಯಿಯು ‘ಹೌದು’ ಎಂದು ಬರೆದರೆ, ಅದು ತನಗೆ ಬೇಕಾದ ತಿಂಡಿಯನ್ನು ತೋರಿಸಿತೋ, ಹಾರುವ ಹಕ್ಕಿಯನ್ನು ತನ್ನೊಡನೆ ನೋಡೆಂದು ತಾಯಿಗೆ ತೋರಿಸಿತೋ ಎಂದು ಕೇಳುವವರಿಲ್ಲ. ಈ ಎರಡು ತೋರಿಕೆಗಳ ನಡುವಣ ಭೇದವೇ ಆಟಿಸಂ ಲಕ್ಷಣಗಳ ಪರೀಕ್ಷೆಯಲ್ಲಿ ಮುಖ್ಯವಾದುದು. ಕಾಗದವು ಬರೆದುದನ್ನು ಬರೆದಂತೆಯೇ ಒಪ್ಪಿಕೊಂಡಿತು.

ಈ ನಡುವೆ ತಾಯ್ತಂದೆಗಳ ಸ್ಥಾನವನ್ನು ಕಾನೂನೇ ಬದಲಾಯಿಸಿತು. 1986ರ ಅಕ್ಟೋಬರಿನಲ್ಲಿ ಅಂಗೀಕಾರ ಪಡೆದ 99-457ನೆಯ ಸಾರ್ವಜನಿಕ ಕಾನೂನು ಹುಟ್ಟಿನಿಂದ ಎರಡು ವರ್ಷ ವಯಸ್ಸಿನ ಮಕ್ಕಳವರೆಗೆ ಶೀಘ್ರ ನೆರವಿನ ಸೇವೆಗಳನ್ನು ಏರ್ಪಡಿಸಲು ರಾಜ್ಯಗಳಿಗೆ ಧನಸಹಾಯವನ್ನು ಕಲ್ಪಿಸಿತು. ಪ್ರತಿಯೊಂದು ಮಗುವಿಗೂ ಒಂದು ಕುಟುಂಬಸೇವಾ ಯೋಜನೆಯನ್ನು ಬರೆಯಬೇಕು; ಮಗುವನ್ನು ಸೇವೆಗೆ ಸೂಚಿಸಿದ ದಿನದಿಂದ 45 ದಿನಗಳೊಳಗೆ ಅದಕ್ಕಾಗಿ ಸಭೆ ಸೇರಬೇಕು; ಕುಟುಂಬದ ಚಿಂತೆಗಳೇನು, ಅವರಿಗೆ ಯಾವುದು ಮೊದಲು ಆಗಬೇಕು ಎಂಬುದನ್ನು ಅವರ ಒಪ್ಪಿಗೆಯಿಂದ ಕೇಳಿ ತಿಳಿಯಬೇಕು; ಮೌಲ್ಯಮಾಪನವು ಸ್ಪಷ್ಟವಾಗಿ ಅಸಾಧ್ಯವಲ್ಲದಿದ್ದರೆ ಆಯಾ ಕುಟುಂಬದ ಭಾಷೆಯಲ್ಲಿಯೇ ನಡೆಯಬೇಕು ಎಂಬ ನಿಯಮಗಳು ಕ್ರಮೇಣ ನೆಲೆಗೊಂಡುವು. ಮೂರು ವರ್ಷ ತುಂಬಿದ ಕೂಡಲೇ ಮಗುವು ಈ ಸೇವೆಯಿಂದ ಹೊರಬೀಳುವುದೇ ಸಾಮಾನ್ಯ. ಆದುದರಿಂದ ತಾಯಿಯು ತಿಂಗಳ ಹಿಂದೆಯೇ ಕಂಡ ಲಕ್ಷಣವು ಎರಡನೆಯ ಹುಟ್ಟುಹಬ್ಬದ ವೇಳೆಗೂ ಯಾರ ಕಡತಕ್ಕೂ ಸೇರದೆ ಇದ್ದರೆ, ಆ ಮಗುವಿನ ಪಾಲಿನ ಕಾಲದಲ್ಲಿ ಬಹುಭಾಗವು ಕಳೆದುಹೋದಂತೆಯೇ. ಪ್ರಶ್ನಾವಳಿಯ ರೂಪವನ್ನು ಕುರಿತ ಚರ್ಚೆ ಒಣಚರ್ಚೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

2005ರಿಂದೀಚೆಗೆ ಕೇಂದ್ರಸರ್ಕಾರವು ಮಕ್ಕಳ ಪ್ರಗತಿಯನ್ನು ಮೂರು ಫಲಿತಾಂಶಗಳ ರೂಪದಲ್ಲಿ ವರದಿ ಮಾಡಬೇಕೆಂದು ರಾಜ್ಯಗಳನ್ನು ಕೇಳತೊಡಗಿತು. ಅನೇಕ ರಾಜ್ಯಗಳಲ್ಲಿ ಸೇವಕವರ್ಗದವರು ಕೂಡಿ 1ರಿಂದ 7ರವರೆಗಿನ ಒಂದು ಅಂಕವನ್ನು ಕೊಡುವ ಪದ್ಧತಿ ಬಂದಿತು. ದತ್ತಾಂಶಗಳನ್ನು ಸಂಗ್ರಹಿಸುವ ಗಣಕ ವ್ಯವಸ್ಥೆಗಳು ಮೊದಲು ಬೆಳೆದುದು ಈ ವರದಿಗಳ ಒತ್ತಡದಿಂದ. ಅವು ಅಧಿಕಾರಿಗಳಿಗಾಗಿ ಹುಟ್ಟಿದುವು. ಮನೆಯವರು ಬರೆಯುವ ಪ್ರಶ್ನಾವಳಿಗೆ ಅವುಗಳಲ್ಲಿ ಸ್ಥಳ ದೊರೆತದ್ದು ಆಮೇಲೆ.

ಯಂತ್ರದಿಂದ ಪ್ರಶ್ನೆ ಕೇಳಿಸುವ ಆಲೋಚನೆಯಾದರೋ ಇದಕ್ಕಿಂತ ಬಹಳ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ವಾರ್ನರ್ ಸ್ಲ್ಯಾಕ್ ಮತ್ತು ಆತನ ಜೊತೆಗಾರರು ‘ಲಿಂಕ್’ ಎಂಬ ಗಣಕಯಂತ್ರದಿಂದ ರೋಗಿಗಳ ಪೂರ್ವವೃತ್ತಾಂತವನ್ನು ಕೇಳಿಸಿ 1966ರಲ್ಲಿ ವರದಿ ಮಾಡಿದರು. ಮಕ್ಕಳ ವಿಷಯಕ್ಕೆ ಅದು ಸಂಬಂಧಿಸಿದುದಲ್ಲ. ಆದರೆ ಆ ಯಂತ್ರವು ರೋಗಿಯ ಮುಂದಿಟ್ಟ ಉತ್ತರಗಳು ನಾಲ್ಕು: ಹೌದು, ಇಲ್ಲ, ಗೊತ್ತಿಲ್ಲ, ಅರ್ಥವಾಗಲಿಲ್ಲ. ಈ ನಾಲ್ಕನೆಯ ಗುಂಡಿಯನ್ನು ನೋಡಿದಾಗ, ಆ ತಂಡದವರಿಗೆ ಮರುಪ್ರಶ್ನೆಯ ಬೆಲೆ ಚೆನ್ನಾಗಿ ತಿಳಿದಿತ್ತೆನಿಸುತ್ತದೆ. ಮುಂದೆ ಬಂದ ಎಷ್ಟೋ ಸುಂದರವಾದ ತೆರೆಗಳಲ್ಲಿ ಈ ಗುಂಡಿಯೇ ಇಲ್ಲ. ಅರ್ಥವಾಗದವನು ಏನಾದರೊಂದನ್ನು ಒತ್ತಿ ಮುಂದೆ ಸಾಗಬೇಕು.

ಅಮೆರಿಕಾದ ಮಕ್ಕಳ ವೈದ್ಯರ ಅಕಾಡೆಮಿಯು 2006ರಲ್ಲಿ, 9, 18 ಮತ್ತು 30 ತಿಂಗಳ ವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಗೊತ್ತಾದ ಸಾಧನದಿಂದಲೇ ಬೆಳವಣಿಗೆಯ ಪರೀಕ್ಷೆ ನಡೆಸಬೇಕೆಂದು ಸಲಹೆ ಮಾಡಿತು. ಸಲಹೆ ಸುಲಭ, ಹಾಳೆಯನ್ನು ಹುಡುಕಿ ತೆಗೆದು, ವಯಸ್ಸಿಗೆ ತಕ್ಕದ್ದನ್ನು ಆರಿಸಿ, ಅಂಕ ಕೂಡಿಸಿ, ಫಲವನ್ನು ಕಡತಕ್ಕೆ ಸೇರಿಸುವ ಕೆಲಸ ಕಷ್ಟ. ಇಂಡಿಯಾನಾ ವಿಶ್ವವಿದ್ಯಾನಿಲಯದವರು ‘ಚಿಕಾ’ ಎಂದು ಹೆಸರಿಟ್ಟು 2004ರಿಂದ ನಡೆಸಿಕೊಂಡು ಬಂದ ವ್ಯವಸ್ಥೆಯು ಇಲ್ಲಿ ಉಲ್ಲೇಖಾರ್ಹವಾದುದು. ಅದರ ರೀತಿ ವಿಚಿತ್ರವಾಗಿತ್ತು. ಗಣಕಯಂತ್ರವು ಆಯಾ ಮಗುವಿಗೆ ತಕ್ಕ 20 ಪ್ರಶ್ನೆಗಳನ್ನು ಆರಿಸಿ ಕಾಗದದ ಮೇಲೆ, ಒಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ, ಇನ್ನೊಂದು ಮಗ್ಗುಲಲ್ಲಿ ಸ್ಪ್ಯಾನಿಷಿನಲ್ಲಿ ಅಚ್ಚು ಮಾಡುತ್ತಿತ್ತು. ತಾಯಿಯು ಕಾಯುವ ಕೊಠಡಿಯಲ್ಲಿ ಅದನ್ನು ತುಂಬುತ್ತಿದ್ದಳು. ಮತ್ತೆ ಯಂತ್ರವೇ ಅದನ್ನು ಓದಿ ವೈದ್ಯನಿಗೆ ಸೂಚನೆ ಕೊಡುತ್ತಿತ್ತು. ಟ್ಯಾಬ್ಲೆಟ್ ಬಂದುದು ಆಮೇಲೆ. ಕಾಗದವೂ ಯಂತ್ರವೂ ಹೀಗೆ ಬಹುಕಾಲ ಒಂದೇ ಮನೆಯಲ್ಲಿ ಬಾಳಿದುವೆಂಬುದನ್ನು ‘ಕಾಗದದಿಂದ ತೆರೆಗೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಮರೆಯುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ವ್ಯವಸ್ಥೆಯುಳ್ಳ ಚಿಕಿತ್ಸಾಲಯಗಳಲ್ಲಿ ಗೊತ್ತಾದ ವಯಸ್ಸಿನ ಮಕ್ಕಳ ಪೈಕಿ ಶೇಕಡ 85ರಷ್ಟು ಪರೀಕ್ಷಿತರಾದರೆ, ಇಲ್ಲದ ಕಡೆ ಶೇಕಡ 24.4ರಷ್ಟು ಮಾತ್ರ ಆದರು.

ಮರುಪ್ರಶ್ನೆಯು ಹಿಂದಿರುಗಿದುದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಆಟಿಸಂ ಪರೀಕ್ಷೆಯ ಒಂದು ಪ್ರಶ್ನಾವಳಿಯನ್ನು ನೋಡಬೇಕು. ಡಯಾನಾ ರಾಬಿನ್ಸ್, ಡೆಬೊರಾ ಫೈನ್ ಮೊದಲಾದವರು 2001ರಲ್ಲಿ ಪ್ರಕಟಿಸಿದ ‘ಎಂ-ಚಾಟ್’ ಪೂರ್ತಿಯಾಗಿ ತಾಯ್ತಂದೆಗಳ ಉತ್ತರವನ್ನೇ ಅವಲಂಬಿಸಿದುದು. ಸಂದೇಹ ಹುಟ್ಟಿಸುವ ಉತ್ತರಗಳು ಬಂದ ಮಕ್ಕಳಲ್ಲಿ ಬಹುಮಂದಿಗೆ ಆಟಿಸಂ ಇರಲಿಲ್ಲ. ಪ್ರಶ್ನೆಯನ್ನು ತಾಯಿಯು ಬೇರೆಯಾಗಿ ಗ್ರಹಿಸಿದ್ದಳು, ಅಷ್ಟೆ. ಆದಕಾರಣ ಎರಡನೆಯ ಹಂತದಲ್ಲಿ ಒಬ್ಬರು ತಾಯಿಯನ್ನು ಕಂಡು ಅಥವಾ ಫೋನಿನಲ್ಲಿ ಮಾತನಾಡಿ, ಆಯಾ ಅಂಶವನ್ನು ಉದಾಹರಣೆಗಳೊಡನೆ ತಿರುಗಿ ಕೇಳಬೇಕೆಂದು ಏರ್ಪಟ್ಟಿತು. 2014ರ ಪರಿಷ್ಕೃತ ಆವೃತ್ತಿಯಲ್ಲಿ 20 ಪ್ರಶ್ನೆಗಳಿವೆ: ಎರಡು ಅಥವಾ ಅದಕ್ಕೂ ಕಡಮೆ ಅಂಕ ಬಂದರೆ ಭಯವಿಲ್ಲ, 3ರಿಂದ 7 ಬಂದರೆ ಮರುಪ್ರಶ್ನೆ, 8 ಅಥವಾ ಮೇಲೆ ಬಂದರೆ ನೇರವಾಗಿ ಪೂರ್ಣ ಪರೀಕ್ಷೆ. ಶಾಸ್ತ್ರದಲ್ಲಿ ಹೀಗೆ; ವ್ಯವಹಾರದಲ್ಲಿ ಆ ಎರಡನೆಯ ಹಂತಕ್ಕೆ ಯಾರಿಗೂ ಹೊತ್ತಿರಲಿಲ್ಲ. ಡ್ಯೂಕ್ ವಿಶ್ವವಿದ್ಯಾನಿಲಯದವರು ಮರುಪ್ರಶ್ನೆಗಳನ್ನೇ ಟ್ಯಾಬ್ಲೆಟ್ಟಿನೊಳಗೆ ಸೇರಿಸಿ, ಸಂದೇಹವುಳ್ಳ ಉತ್ತರ ಬಂದ ಕೂಡಲೇ ಅದೇ ತೆರೆಯ ಮೇಲೆ ಮುಂದಿನ ವಿಚಾರಣೆ ಮೂಡುವಂತೆ ಮಾಡಿದರು. 2017ರಲ್ಲಿ ಪ್ರಕಟವಾದ ಅವರ ವರದಿಯಂತೆ, ಫಲಿತಾಂಶವು ಕಡತದಲ್ಲಿ ಸರಿಯಾಗಿ ದಾಖಲಾದುದು ಶೇಕಡ 54ರಿಂದ 92ಕ್ಕೂ, ಸಂದೇಹಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ ಉಚಿತವಾದ ಕ್ರಮ ಕೈಗೊಂಡುದು ಶೇಕಡ 25ರಿಂದ 85ಕ್ಕೂ ಏರಿತು. ಒಂದೇ ಚಿಕಿತ್ಸಾಲಯದ ಅನುಭವದಿಂದ ಬಹಳ ದೂರ ಹೋಗಲಾಗದು. ಆದರೂ 1935ರಲ್ಲಿ ಡಾಲನು ತನ್ನ ಪ್ರಶ್ನಕನಿಂದ ಏನನ್ನು ನಿರೀಕ್ಷಿಸಿದ್ದನೋ ಅದರ ಒಂದಂಶವು ಇಲ್ಲಿ ಯಂತ್ರದಿಂದ ನೆರವೇರಿತೆಂದು ಹೇಳಲು ಅಡ್ಡಿಯಿಲ್ಲ.

ಇನ್ನೊಂದು ಬಗೆಯ ಮರುಪ್ರಶ್ನೆಯೂ ಇದೆ: ಅನಾವಶ್ಯಕವಾದುದನ್ನು ಕೇಳದಿರುವುದು. ಸ್ಟೀಫನ್ ಹೇಲಿ ಮತ್ತು ಆತನ ಸಂಗಡಿಗರು ಬಾಸ್ಟನ್ನಿನಲ್ಲಿ 1992ರಲ್ಲಿ ಪ್ರಕಟಿಸಿದ, ‘ಪೀಡಿ’ ಎಂಬ ಸಂಕ್ಷಿಪ್ತನಾಮದ ಅಳತೆಯಲ್ಲಿ ಮಗುವಿನ ಕೌಶಲಗಳನ್ನು ಕುರಿತೇ 197 ಅಂಶಗಳಿದ್ದುವು. ಪಾಲಕರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತಿತ್ತು. ಕುಳಿತುಕೊಳ್ಳಲಾರದ ಮಗುವಿನ ತಾಯಿಯನ್ನು ಮೆಟ್ಟಿಲು ಹತ್ತುತ್ತದೆಯೇ, ಓಡುತ್ತದೆಯೇ ಎಂದು ಸಾಲಾಗಿ ಕೇಳುವುದು ನಿರ್ದಯೆಯೂ ಹೌದು, ನಿಷ್ಪ್ರಯೋಜಕವೂ ಹೌದು. 2012ರಲ್ಲಿ ಬಂದ ಗಣಕರೂಪದಲ್ಲಿ 276 ಅಂಶಗಳ ಭಂಡಾರವಿದ್ದರೂ, ಹಿಂದಿನ ಉತ್ತರವನ್ನು ನೋಡಿಕೊಂಡು ಯಂತ್ರವು ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ; ಸಂಕ್ಷಿಪ್ತ ಕ್ರಮದಲ್ಲಿ ಒಂದು ವಿಭಾಗಕ್ಕೆ 15 ಪ್ರಶ್ನೆಗಳೊಳಗೆ ಕೆಲಸ ಮುಗಿಯುತ್ತದೆ. ಇದಾದ ಮೇಲೆ ಮೇರಿ ಖೇತಾನಿ ಮತ್ತು ಸಂಗಡಿಗರು ಐದು ವರ್ಷದೊಳಗಿನ ಮಕ್ಕಳಿಗಾಗಿ ರಚಿಸಿ 2015ರಲ್ಲಿ ಪರೀಕ್ಷಾಫಲಗಳನ್ನು ಪ್ರಕಟಿಸಿದ ಅಳತೆಯು ಅಂತರಜಾಲಕ್ಕೆಂದೇ ರೂಪುಗೊಂಡುದು. ಮಗುವು ಮನೆಯಲ್ಲಿಯೂ ಶಿಶುವಿಹಾರದಲ್ಲಿಯೂ ನೆರೆಹೊರೆಯಲ್ಲಿಯೂ ಯಾವ ಯಾವ ಚಟುವಟಿಕೆಗಳಲ್ಲಿ ಎಷ್ಟು ಬಾರಿ, ಎಷ್ಟು ಆಸಕ್ತಿಯಿಂದ ಭಾಗವಹಿಸುತ್ತದೆ ಎಂದು ಕೇಳಿ, ಇದರಲ್ಲಿ ಬದಲಾವಣೆಯಾಗಬೇಕೆಂದು ನೀವು ಬಯಸುತ್ತೀರಾ ಎಂದೂ ಕೇಳುತ್ತದೆ. 1986ರ ಕಾನೂನು ಕುಟುಂಬದ ಬಯಕೆಯನ್ನು ಕೇಳಬೇಕೆಂದಿತ್ತು. ಆ ಬಯಕೆಯನ್ನು ಮಗುವಿನ ಅಳತೆಯೊಳಗೇ ಸೇರಿಸಿ ಎಣಿಸುವ ಸಾಧನ ಹೀಗೆ ಕೈಗೆ ಬಂದಿತು.

ಯಂತ್ರದ ಮರುಪ್ರಶ್ನೆಗೆ ಎಲ್ಲೆಗಳಿವೆ. ರಚಿಸಿದವರು ಮೊದಲೇ ಊಹಿಸಿದ್ದ ಸಂದೇಹಗಳನ್ನು ಮಾತ್ರ ಅದು ಕೇಳಬಲ್ಲದು. ತಾಯಿಯ ಮುಖ ಸಣ್ಣದಾದುದನ್ನು ಕಂಡು ಅದು ನಿಲ್ಲದು. ಓದಲು ಬಾರದವಳಿಗೂ, ಅಚ್ಚಾದ ಎರಡು ಮೂರು ಭಾಷೆಗಳಾಚೆಯವಳಿಗೂ ಅದು ಮೂಕ. ಸಾಧನವಾದರೂ ಎಲ್ಲರ ಬಳಿ ಇದ್ದಿತೆ ಎಂದರೆ, ‘ಪ್ಯೂ’ ಸಂಸ್ಥೆಯ ಗಣನೆಯಂತೆ ಅಮೆರಿಕಾದ ವಯಸ್ಕರಲ್ಲಿ ಸ್ಮಾರ್ಟ್‌ಫೋನ್ ಉಳ್ಳವರು 2011ರಲ್ಲಿ ಶೇಕಡ 35, 2021ರಲ್ಲಿ ಶೇಕಡ 85. ಮೇಜಿನ ಮೇಲಣ ಗಣಕಯಂತ್ರಕ್ಕೆಂದು ರಚಿತವಾದ ಉದ್ದುದ್ದದ ಪಟ್ಟಿಗಳನ್ನು ಅಂಗೈಯಗಲದ ತೆರೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದಬೇಕಾಗಿ ಬಂದವರು ಬಹುಮಟ್ಟಿಗೆ ಬಡವರು. ದಾಖಲೆಗಳ ವಿಷಯದಲ್ಲಿಯೂ ಒಂದು ಗೋಡೆಯಿದ್ದಿತು: ವೈದ್ಯರ ಕಡತಗಳನ್ನು ಕಾಯುವ ಕಾನೂನು ಒಂದು, ಶೀಘ್ರ ನೆರವಿನ ಸೇವೆಗಳು ಶಿಕ್ಷಣ ಕಾನೂನಿಗೆ ಸೇರಿದುದರಿಂದ ಅವುಗಳ ಕಡತಗಳನ್ನು ಕಾಯುವ ಕಾನೂನು ಇನ್ನೊಂದು. ಹೀಗಾಗಿ ಚಿಕಿತ್ಸಾಲಯದಲ್ಲಿ ಬೆರಳ ತುದಿಯಿಂದ ಕೊಟ್ಟ ಉತ್ತರವನ್ನೇ ತಾಯಿಯು ಮನೆಗೆ ಬಂದ ಸೇವಕಿಗೆ ಮತ್ತೆ ಮೊದಲಿನಿಂದ ಹೇಳಬೇಕಾದ ಪ್ರಸಂಗಗಳು ಉಂಟಾದುವು. 2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯಿಂದ ಮನೆಭೇಟಿಗಳು ನಿಂತಾಗ, ಅಲ್ಲಿಯವರೆಗೆ ಐಚ್ಛಿಕವಾಗಿದ್ದ ತೆರೆಯು ಕೆಲವು ವಾರಗಳಲ್ಲಿ ಅನಿವಾರ್ಯವಾಯಿತು. ವಿಡಿಯೊ ಭೇಟಿಯಲ್ಲಿ ಮಗುವನ್ನು ಮುಟ್ಟಿ ಪರೀಕ್ಷಿಸುವಂತಿಲ್ಲ. ತಾಯಿಯು ಹೇಳಿದುದೇ ಪ್ರಮಾಣ. ಎರಡು ನೂರು ವರ್ಷಗಳ ಸಂದೇಹವನ್ನು ಆ ವಸಂತಕಾಲದಲ್ಲಿ ಯಾರೂ ಚರ್ಚಿಸಲಿಲ್ಲ, ಅದಕ್ಕೆ ವ್ಯವಧಾನವಿರಲಿಲ್ಲ.

ನಮ್ಮ ನಾಡಿನಲ್ಲಿ ಈ ಸರಣಿಯ ಮೊದಲ ಹೆಜ್ಜೆಗಳು ವೈನ್‌ಲ್ಯಾಂಡಿನ ದಾರಿಯನ್ನೇ ಹಿಡಿದುವು. ನಾಗಪುರದಲ್ಲಿ ಎ. ಜೆ. ಮ್ಯಾಲಿನ್ ಡಾಲನ ಅಳತೆಯನ್ನು 89 ಅಂಶಗಳಿಗೆ ಇಳಿಸಿ ಭಾರತದ ಮಕ್ಕಳಿಗೆ ಹೊಂದಿಸಿದರು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ಇಂತಹ ಕೆಲಸಕ್ಕೆ ಒಂದು ನೆಲೆಯಾದ ಮೈಸೂರಿನಿಂದ, ಜೆ. ಭರತ್ ರಾಜ್ ಅವರ 88 ಅಂಶಗಳ ಬೆಳವಣಿಗೆಯ ಪರೀಕ್ಷೆ ಹೊರಬಂದಿತು. ಇವೆರಡರಲ್ಲಿಯೂ ಪ್ರಶ್ನಕನು ತಾಯಿಯೊಡನೆ ಮಾತನಾಡಿಯೇ ವಿಷಯ ಸಂಗ್ರಹಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಅಂಗನವಾಡಿಗಳಲ್ಲಿ ಬಾಯಿಮಾತಿನಿಂದಲೇ ಕೇಳುತ್ತವೆ. ಡಾಲನ ಮೂಲದಲ್ಲಿ ಫೋರ್ಕಿನಿಂದ ತಿನ್ನುವುದಕ್ಕೂ, ಮೇಜಿನ ಚಾಕುವಿನಿಂದ ಸವರುವುದಕ್ಕೂ ಅಂಶಗಳಿದ್ದುವು. ಮೈಸೂರಿನ ಮನೆಯಲ್ಲಿ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುವುದನ್ನು ಅದಕ್ಕೆ ಸಮನಾಗಿ ಎಣಿಸಬೇಕೆಂಬುದು ಕೇಳುವವರಿಗೆ ಹೊಳೆಯುವುದೇ ಹೊರತು ಹಾಳೆಗೆ ಹೊಳೆಯುವುದಿಲ್ಲ.

ಭಾಷೆಯಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದುದು. ‘ಮಗು ಎರಡು ಪದಗಳನ್ನು ಕೂಡಿಸಿ ಮಾತನಾಡುವುದೆ’ ಎಂಬ ಪ್ರಶ್ನೆ ಇಂಗ್ಲಿಷಿನ ಪ್ರಶ್ನಾವಳಿಗಳಿಂದ ಬಂದುದು. ಆ ಭಾಷೆಯಲ್ಲಿ ಎರಡು ಮೂರು ಪದಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಪದವೂ ಅದರ ಪ್ರತ್ಯಯಗಳೂ ಮಾಡಿಬಿಡುತ್ತವೆ. ‘ಬಂದ್ಲು’ ಎಂಬ ಕೂಸಿನ ಒಂದೇ ಮಾತಿನಲ್ಲಿ ಕ್ರಿಯೆ, ಕಾಲ, ಬಂದವಳು ಹೆಂಗಸೆಂಬ ತಿಳಿವಳಿಕೆ ಮೂರೂ ಅಡಗಿವೆ. ‘ಅಜ್ಜೀಗೆ’ ಎಂದಾಗ ಕೊಡಬೇಕಾದದ್ದು ಯಾರಿಗೆ ಎಂಬುದೂ ಸೇರಿದೆ. ಇಂತಹ ಮಗುವಿನ ತಾಯಿಯು ತೆರೆಯ ಮೇಲೆ ಆ ಪ್ರಶ್ನೆಯನ್ನು ಕಂಡರೆ ‘ಇನ್ನೂ ಇಲ್ಲ’ ಎಂದು ಒತ್ತುವ ಸಂಭವವಿದೆ. ಅವಳು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಎದುರಿಗೆ ಕುಳಿತು ಕೇಳುವವರಾದರೆ ಅಲ್ಲಿ ನಿಂತು, ‘ಅಮ್ಮಾ, ಅಪ್ಪ ಮನೇಗೆ ಬಂದಾಗ ಏನನ್ನುತ್ತೆ? ಹಾಲು ಬೇಕಾದರೆ ಹೇಗೆ ಕೇಳುತ್ತೆ?’ ಎಂದು ಮತ್ತೆ ವಿಚಾರಿಸುತ್ತಾರೆ.